ಫಂಡ್ ಸಾಲಿಸಿಟರ್ ಕೆಲಸ, ಹಂತ ಹಂತವಾಗಿ: ಟರ್ಮ್ ಶೀಟ್‌ನಿಂದ ಕೊನೆಯ ಕ್ಲೋಸಿಂಗ್‌ವರೆಗೆ

ಕಂಪನಿ ಕಾನೂನಿನಲ್ಲಿ ನಾಲ್ಕೈದು ವರ್ಷ ಪಳಗಿದ ವಕೀಲರು ಹೂಡಿಕೆ ನಿಧಿಗಳ ವಿಭಾಗಕ್ಕೆ ಬರುವಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕರಾರು ಬರೆಯಲು ಬರುತ್ತದೆ, ಷೇರು ಖರೀದಿ ಮಾಡಿಸಿದ್ದೇನೆ. ಇಲ್ಲಿ ಅದಕ್ಕಿಂತ ಬೇರೆ ಏನಿದೆ?" ಬೇರೆ ಇದೆ. ಷೇರು ಖರೀದಿಯಲ್ಲಿ ಎದುರಿಗಿರುವುದು ಒಂದು ಪಕ್ಷ. ಫಂಡ್‌ನಲ್ಲಿ ಎದುರಿಗೆ 40 ಹೂಡಿಕೆದಾರರು, ಅವರ 40 ವಕೀಲರು. ಎಲ್ಲರೂ ಸೇರುವುದು ಮಾತ್ರ ಒಂದೇ ಕರಾರಿಗೆ. ಒಬ್ಬರಿಗೆ ಬಿಟ್ಟುಕೊಟ್ಟ ಒಂದು ಸಾಲು ಉಳಿದ 39 ಮಂದಿಯ ಲೆಕ್ಕದಲ್ಲಿ ಎಲ್ಲಿ ಹೋಗಿ ತಟ್ಟುತ್ತದೆ ಎಂಬುದನ್ನು ಸಹಿಗೆ ಮೊದಲೇ ಕಾಣಬೇಕು. ಹಿರಿಯ ಸಾಲಿಸಿಟರ್‌ಗೆ ಸಂಬಳ ಕೊಡುವುದು ಅದಕ್ಕೆ.

ಇಲ್ಲಿ ಹಿಡಿದಿರುವ ಉದಾಹರಣೆ ಲಂಡನ್‌ನ ಮ್ಯಾನೇಜರ್ ಒಬ್ಬರು ಇಂಗ್ಲಿಷ್ ಕಾನೂನಿನಡಿ ಕಟ್ಟುವ ಕ್ಲೋಸ್ಡ್-ಎಂಡ್ ಖಾಸಗಿ ಈಕ್ವಿಟಿ ಫಂಡ್. ಅಂದರೆ ಹಾಕಿದ ಹಣವನ್ನು ಬೇಕೆಂದಾಗ ಹಿಂಪಡೆಯಲಾಗದ ಫಂಡ್. ನೀವು ಮ್ಯಾನೇಜರ್ ಪರ ವಕೀಲರು ಎಂದಿಟ್ಟುಕೊಳ್ಳಿ. ಕೆಳಗಿನ ಶೇಕಡಾವಾರುಗಳು ಮಾರುಕಟ್ಟೆಯ ರೂಢಿ. ಎಲ್ಲಿ ಕಾನೂನೇ ಹೇಳುತ್ತದೋ ಅಲ್ಲಿ ಕಾಯ್ದೆಯ ಹೆಸರು ಕೊಟ್ಟಿದೆ.

ಮೊದಲು ಪದಗಳು. ಫಂಡ್ ಎಂದರೆ ಇಲ್ಲಿ ಲಿಮಿಟೆಡ್ ಪಾರ್ಟ್‌ನರ್‌ಶಿಪ್. ಹಣ ಹಾಕುವವರು ಲಿಮಿಟೆಡ್ ಪಾರ್ಟ್‌ನರ್‌ಗಳು, ಅವರ ಹೊಣೆ ಹಾಕಿದ ಮೊತ್ತಕ್ಕೆ ಸೀಮಿತ. ನಡೆಸುವ ಹೊಣೆ ಹೊತ್ತವರು ಜನರಲ್ ಪಾರ್ಟ್‌ನರ್. ಅದು ಸಾಮಾನ್ಯವಾಗಿ ಮ್ಯಾನೇಜರ್ ಗುಂಪಿನ ಒಂದು ಸಣ್ಣ ಕಂಪನಿ. ಇವರೆಲ್ಲರ ನಡುವಿನ ಮೂಲ ಕರಾರಿಗೆ ಎಲ್‌ಪಿಎ ಎನ್ನುತ್ತಾರೆ. ಹೂಡಿಕೆದಾರ ಕೊಡುತ್ತೇನೆಂದು ಒಪ್ಪಿದ ಮೊತ್ತ ಕಮಿಟ್‌ಮೆಂಟ್. ಅದನ್ನು ಕಂತು ಕಂತಾಗಿ ಕರೆಸಿಕೊಳ್ಳುವುದು ಡ್ರಾಡೌನ್. ಲಾಭದಲ್ಲಿ ಮ್ಯಾನೇಜರ್ ತಂಡಕ್ಕೆ ಸಿಗುವ ಪಾಲು ಕ್ಯಾರಿ. ಹೂಡಿಕೆದಾರರನ್ನು ಅಧಿಕೃತವಾಗಿ ಒಳಗೆ ಸೇರಿಸಿಕೊಳ್ಳುವ ದಿನ ಕ್ಲೋಸಿಂಗ್.

1. ಕಕ್ಷಿದಾರ ಯಾರೆಂದು ಬರೆದಿಡಿ

ಫಂಡ್ ಇನ್ನೂ ಹುಟ್ಟಿಲ್ಲ, ಆದ್ದರಿಂದ ನಿಮ್ಮನ್ನು ನೇಮಿಸುವುದು ಮ್ಯಾನೇಜರ್. ನೀವು ಹೂಡಿಕೆದಾರರಿಗೆ ಸಲಹೆ ಕೊಡುತ್ತಿಲ್ಲ ಎಂಬ ಮಾತು ನಿಮ್ಮ ನೇಮಕದ ಎಂಗೇಜ್‌ಮೆಂಟ್ ಪತ್ರದಲ್ಲೂ, ಹೂಡಿಕೆದಾರರಿಗೆ ಹೋಗುವ ಮಾಹಿತಿ ಪುಸ್ತಿಕೆಯಲ್ಲೂ, ಫಂಡ್ ಸೇರಲು ಅವರು ಸಹಿ ಹಾಕುವ ಸಬ್‌ಸ್ಕ್ರಿಪ್ಷನ್ ಕರಾರಿನಲ್ಲೂ ಇರಲಿ.

ಹೆಚ್ಚು ಜನ ಎಡವುವುದು ಮ್ಯಾನೇಜರ್ ಮನೆಯೊಳಗೆ. ಮೂವರು ಸಂಸ್ಥಾಪಕರು ಕ್ಯಾರಿಯನ್ನು ತಮ್ಮೊಳಗೆ ಹಂಚಿಕೊಳ್ಳುವ ಕರಾರನ್ನೂ "ಹಾಗೇ ಬರೆದುಕೊಡಿ" ಎನ್ನುತ್ತಾರೆ. ಒಬ್ಬರು ನಡುವೆ ಬಿಟ್ಟುಹೋದರೆ ಅವರ ಪಾಲು ಎಷ್ಟು ಉಳಿಯಬೇಕು ಎಂಬಲ್ಲಿ ಅವರ ಹಿತ ಪರಸ್ಪರ ವಿರುದ್ಧ. ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ನಡವಳಿಕೆ ಸಂಹಿತೆಯ 6.2ನೇ ನಿಯಮ ಅಡ್ಡ ಬರುವುದು ಇಲ್ಲೇ. ನೀವು ಮ್ಯಾನೇಜರ್ ಸಂಸ್ಥೆಗೆ ಮಾತ್ರ ಸಲಹೆಗಾರರೆಂದು ತಿಳಿಸಿ, ವೈಯಕ್ತಿಕ ಸಲಹೆಗೆ ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದು ಲಿಖಿತವಾಗಿ ಹೇಳಿ.

ಶುಲ್ಕದ ಅಂದಾಜು ಕೊಡುವಾಗ ಫಂಡ್ ಗಾತ್ರ ನೋಡಬೇಡಿ, ಹೂಡಿಕೆದಾರರ ಸಂಖ್ಯೆ ನೋಡಿ. 10 ಲಕ್ಷ ಪೌಂಡ್ ಹಾಕುವವರ ವಕೀಲರೂ 5 ಕೋಟಿ ಹಾಕುವವರ ವಕೀಲರಷ್ಟೇ ಉದ್ದದ ಟಿಪ್ಪಣಿ ಕಳಿಸುತ್ತಾರೆ. ಫಂಡ್ ಭರಿಸುವ ಸ್ಥಾಪನಾ ವೆಚ್ಚಕ್ಕೆ ಎಲ್‌ಪಿಎಯಲ್ಲಿ ಮಿತಿ ಇರುತ್ತದೆ. ಮೀರಿದ್ದು ಮ್ಯಾನೇಜರ್ ಶುಲ್ಕದಲ್ಲಿ ಕಡಿತವಾಗುತ್ತದೆ. ನಿಮ್ಮ ಬಿಲ್ ಆ ಮಿತಿಯ ಹತ್ತಿರ ಬಂದಾಗ ಕಕ್ಷಿದಾರರಿಗೆ ಮೊದಲೇ ತಿಳಿದಿರಬೇಕು.

2. ಟರ್ಮ್ ಶೀಟ್: ಎಂಟು ಪುಟದಲ್ಲಿ ಮುಗಿಸಿ

ಎಲ್‌ಪಿಎ 100 ಪುಟ ದಾಟುತ್ತದೆ. ಅದರ ಮುಖ್ಯ ಷರತ್ತುಗಳ ಸಾರವಾದ ಟರ್ಮ್ ಶೀಟ್ ಎಂಟು ಹತ್ತು ಪುಟದಲ್ಲಿರಲಿ. ಅದರಲ್ಲಿ ಈ ಅಂಕಿಗಳು ಖಚಿತವಾಗಬೇಕು:

– ಗುರಿಯ ಮೊತ್ತ, ಗರಿಷ್ಠ ಮಿತಿ
– ಮೊದಲ ಕ್ಲೋಸಿಂಗ್‌ನಿಂದ ಕೊನೆಯ ಕ್ಲೋಸಿಂಗ್‌ಗೆ ಅಂತರ: ರೂಢಿ 12 ತಿಂಗಳು, ಒಪ್ಪಿಗೆ ಪಡೆದು ಇನ್ನೂ 6
– ಹೂಡಿಕೆ ಅವಧಿ: 5 ವರ್ಷ. ಫಂಡ್ ಆಯುಷ್ಯ: 10 ವರ್ಷ, ಜೊತೆಗೆ ಒಂದೊಂದು ವರ್ಷದ ಎರಡು ವಿಸ್ತರಣೆ
– ನಿರ್ವಹಣಾ ಶುಲ್ಕ: ಹೂಡಿಕೆ ಅವಧಿಯಲ್ಲಿ ಕಮಿಟ್‌ಮೆಂಟ್ ಮೇಲೆ ಶೇ 1.5ರಿಂದ 2, ಆಮೇಲೆ ಇನ್ನೂ ಮಾರದೆ ಉಳಿದ ಹೂಡಿಕೆಗಳ ಖರೀದಿ ವೆಚ್ಚದ ಮೇಲೆ
– ಕ್ಯಾರಿ ಶೇ 20, ಹರ್ಡಲ್ ಶೇ 8. ಹೂಡಿಕೆದಾರರಿಗೆ ಮೊದಲು ಸಲ್ಲಬೇಕಾದ ವಾರ್ಷಿಕ ಪ್ರತಿಫಲವೇ ಹರ್ಡಲ್
– ಮ್ಯಾನೇಜರ್ ತಂಡ ತನ್ನ ಕೈಯಿಂದ ಹಾಕುವ ಹಣ: ಶೇ 1ರಿಂದ 2 ಅಥವಾ ಹೆಚ್ಚು
– ಒಂದೇ ಕಂಪನಿಯಲ್ಲಿ ಹಾಕಬಹುದಾದ ಗರಿಷ್ಠ: ಕಮಿಟ್‌ಮೆಂಟ್‌ನ ಶೇ 15ರಿಂದ 20

ಕಕ್ಷಿದಾರರು "ಮಾರುಕಟ್ಟೆಯಲ್ಲಿ ಇದ್ದಂತೆ ಹಾಕಿ" ಎಂದರೆ ಒಪ್ಪಬೇಡಿ. ಶುಲ್ಕದ ಎರಡನೇ ಹಂತ ಖರೀದಿ ವೆಚ್ಚದ ಮೇಲೋ, ಇಂದಿನ ಮೌಲ್ಯದ ಮೇಲೋ ಎಂಬುದನ್ನು ಈಗ ಕೇಳದಿದ್ದರೆ ಮೂರನೇ ಕರಡಿನಲ್ಲಿ ಕೇಳಬೇಕಾಗುತ್ತದೆ. ಅಷ್ಟರಲ್ಲಿ ಹತ್ತು ಹೂಡಿಕೆದಾರರು ಮೊದಲ ಕರಡು ಓದಿರುತ್ತಾರೆ.

3. ರಚನೆ ಆರಿಸಿ

ಇಂಗ್ಲಿಷ್ ಲಿಮಿಟೆಡ್ ಪಾರ್ಟ್‌ನರ್‌ಶಿಪ್‌ನ ಬೇರು 1907ರ ಕಾಯ್ದೆಯಲ್ಲಿದೆ. ಮೂರು ವಿಷಯ ಬಾಯಿಪಾಠ ಇರಲಿ. ನೋಂದಣಿಯಿಲ್ಲದೆ ಸೀಮಿತ ಹೊಣೆಯ ರಕ್ಷಣೆ ಇಲ್ಲ. ಲಿಮಿಟೆಡ್ ಪಾರ್ಟ್‌ನರ್ ಆಡಳಿತದಲ್ಲಿ ಕೈಹಾಕಿದರೆ 6ನೇ ಸೆಕ್ಷನ್ ಪ್ರಕಾರ ಆ ರಕ್ಷಣೆ ಹೋಗುತ್ತದೆ. ಇನ್ನು, ಬಂಡವಾಳವಾಗಿ ಹಾಕಿದ್ದನ್ನು ಪಾಲುದಾರಿಕೆ ನಡೆಯುತ್ತಿರುವಾಗಲೇ ವಾಪಸ್ ಪಡೆದರೆ ಅಷ್ಟು ಮೊತ್ತಕ್ಕೆ ಮತ್ತೆ ಹೊಣೆ.

ಮೂರನೆಯದರಿಂದ ತಪ್ಪಿಸಿಕೊಳ್ಳಲು ವಕೀಲರು ಕಂಡುಕೊಂಡ ಉಪಾಯ ಈಗಲೂ ಹಳೆಯ ಎಲ್‌ಪಿಎಗಳಲ್ಲಿ ಕಾಣುತ್ತದೆ: ಕಮಿಟ್‌ಮೆಂಟ್‌ನ ಶೇ 0.01 ಮಾತ್ರ ಬಂಡವಾಳ, ಉಳಿದ ಶೇ 99.99 ಬಡ್ಡಿರಹಿತ ಸಾಲ. 1 ಕೋಟಿ ಪೌಂಡ್ ಕಮಿಟ್‌ಮೆಂಟ್‌ನಲ್ಲಿ 1,000 ಪೌಂಡ್ ಬಂಡವಾಳ, 99,99,000 ಪೌಂಡ್ ಸಾಲ. ಸಾಲ ತೀರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ ತಾನೆ.

2017ರ ಏಪ್ರಿಲ್‌ನಲ್ಲಿ ಬಂದ ಪ್ರೈವೇಟ್ ಫಂಡ್ ಲಿಮಿಟೆಡ್ ಪಾರ್ಟ್‌ನರ್‌ಶಿಪ್ ಎಂಬ ಉಪವರ್ಗ ಈ ಸರ್ಕಸ್ಸನ್ನು ಅನಗತ್ಯವಾಗಿಸಿತು. ಅಲ್ಲಿ ಬಂಡವಾಳ ಹಾಕಲೇಬೇಕೆಂದಿಲ್ಲ. ಜೊತೆಗೆ, ಲಿಮಿಟೆಡ್ ಪಾರ್ಟ್‌ನರ್ ಏನೇನು ಮಾಡಿದರೆ "ಆಡಳಿತ" ಎನಿಸುವುದಿಲ್ಲ ಎಂಬ ಪಟ್ಟಿಯೇ ಕಾಯ್ದೆಯಲ್ಲಿದೆ. ಸಲಹಾ ಸಮಿತಿಯಲ್ಲಿ ಕೂರುವ ಹೂಡಿಕೆದಾರರಿಗೆ ಅದೇ ನೆಮ್ಮದಿ. ಈ ದರ್ಜೆ ಪಡೆಯಲು ಷರತ್ತುಗಳು ಪೂರೈಸುತ್ತವೆ ಎಂದು ಸಾಲಿಸಿಟರ್ ಪ್ರಮಾಣಪತ್ರ ಕೊಡಬೇಕು. ಸಹಿ ನಿಮ್ಮದಾಗಿರುವುದರಿಂದ ಲಿಖಿತ ಕರಾರು ಇದೆಯೇ, ಅದು ಸಾಮೂಹಿಕ ಹೂಡಿಕೆ ಯೋಜನೆಯ ವ್ಯಾಖ್ಯೆಗೆ ಒಳಪಡುತ್ತದೆಯೇ ಎಂದು ನೀವೇ ಓದಿ. ಕಿರಿಯರ ಟಿಕ್ ಗುರುತು ನಂಬಿ ಸಹಿ ಮಾಡಬೇಡಿ. ಹೊಸ ದರ್ಜೆಗೆ ಬಂದ ಮೇಲೂ ಹಳೆಯ ಮಾದರಿಯಿಂದ ಸಾಲದ ವಾಕ್ಯಗಳನ್ನು ನಕಲು ಮಾಡಿ ಬಿಟ್ಟಿರುವ ಕರಡುಗಳು ಬಹಳ. ವಾಟರ್‌ಫಾಲ್‌ನಲ್ಲಿ, ಅಂದರೆ ಬಂದ ಹಣ ಹಂಚುವ ಕ್ರಮದಲ್ಲಿ, "ಸಾಲ ಮರುಪಾವತಿ" ಎಂಬ ಹಂತ ಉಳಿದುಹೋಗಿ, ಇಲ್ಲದ ಸಾಲವನ್ನು ತೀರಿಸುವ ಕರಾರು ಆಗಿರುತ್ತದೆ.

ಯುರೋಪಿನ ಹೂಡಿಕೆದಾರರು ಹೆಚ್ಚಿದ್ದರೆ ಲಕ್ಸೆಂಬರ್ಗ್ ಮಾತು ಬಂದೇ ಬರುತ್ತದೆ. ಅಲ್ಲಿ 2013ರಲ್ಲಿ ಬಂದ ವಿಶೇಷ ಪಾಲುದಾರಿಕೆ ಇಂಗ್ಲಿಷ್ ಮಾದರಿಗೆ ಬಹಳ ಹತ್ತಿರ. 2016ರ ರೈಫ್ (ರಿಸರ್ವ್ಡ್ ಆಲ್ಟರ್ನೇಟಿವ್ ಇನ್ವೆಸ್ಟ್‌ಮೆಂಟ್ ಫಂಡ್) ಕಾಯ್ದೆಯಡಿ ಅಧಿಕೃತ ಮ್ಯಾನೇಜರ್ ಇದ್ದರೆ ಫಂಡ್‌ಗೇ ಪ್ರತ್ಯೇಕವಾಗಿ ನಿಯಂತ್ರಕರ ಅನುಮತಿ ಬೇಕಿಲ್ಲ. ಎರಡು ಕಡೆ ಸಮಾನಾಂತರ ಫಂಡ್ ಕಟ್ಟಿದರೆ ಪ್ರತಿ ತಿದ್ದುಪಡಿಯೂ ಎರಡು ಸಲ. ಕ್ಯಾರಿ ಹಂಚುವ ಪಾಲುದಾರಿಕೆಯನ್ನು ಮಾತ್ರ ಸ್ಕಾಟ್ಲೆಂಡ್‌ನಲ್ಲಿ ಕಟ್ಟುವುದು ರೂಢಿ. ಇಂಗ್ಲಿಷ್ ಪಾಲುದಾರಿಕೆಗೆ ಇಲ್ಲದ ಸ್ವಂತ ಕಾನೂನು ವ್ಯಕ್ತಿತ್ವ ಸ್ಕಾಟಿಷ್ ಪಾಲುದಾರಿಕೆಗೆ ಇರುವುದರಿಂದ ಅದು ಮುಖ್ಯ ಫಂಡ್‌ನಲ್ಲಿ ತನ್ನ ಹೆಸರಿನಲ್ಲೇ ಪಾಲುದಾರನಾಗಬಲ್ಲದು.

4. ಯಾರಿಗೆ ತೋರಿಸಬಹುದು ಎಂಬ ನಕ್ಷೆ

ಬ್ರಿಟನ್‌ನ ಫೈನಾನ್ಷಿಯಲ್ ಸರ್ವಿಸಸ್ ಅಂಡ್ ಮಾರ್ಕೆಟ್ಸ್ ಆಕ್ಟ್ 2000ರಲ್ಲಿ ನಾಲ್ಕು ಸೆಕ್ಷನ್ ನಿಮ್ಮ ಮೇಜಿನ ಮೇಲೆ ಸದಾ ಇರಬೇಕು. ಅನುಮತಿಯಿಲ್ಲದೆ ನಿಯಂತ್ರಿತ ಚಟುವಟಿಕೆ ನಡೆಸಬಾರದು ಎನ್ನುವ 19, ಹಣಕಾಸು ಪ್ರಚಾರಕ್ಕೆ ಕಡಿವಾಣ ಹಾಕುವ 21, ಸಾಮೂಹಿಕ ಯೋಜನೆ ಯಾವುದೆಂದು ಹೇಳುವ 235, ಅಂಥ ಯೋಜನೆಯನ್ನು ಅಧಿಕೃತ ಸಂಸ್ಥೆಗಳೂ ಸಾರ್ವಜನಿಕರಿಗೆ ಪ್ರಚಾರ ಮಾಡದಂತೆ ತಡೆಯುವ 238.

ಮ್ಯಾನೇಜರ್ ಎಷ್ಟು ಬಿಗಿಯಾದ ನಿಯಮಕ್ಕೆ ಒಳಪಡುತ್ತಾರೆ ಎಂಬುದು ಅವರು ನಿರ್ವಹಿಸುವ ಒಟ್ಟು ಆಸ್ತಿಯ ಮೇಲೆ ನಿಂತಿದೆ. ಯುರೋಪಿನ 2011ರ ನಿರ್ದೇಶನದಿಂದ ಬಂದ ಮಿತಿ 10 ಕೋಟಿ ಯೂರೋ. ಸಾಲದ ಬಲ ಬಳಸದೆ, ಐದು ವರ್ಷ ಹಣ ಹಿಂಪಡೆಯುವ ಹಕ್ಕಿಲ್ಲದ ಫಂಡ್‌ಗಳಾದರೆ 50 ಕೋಟಿ ಯೂರೋ. ಬ್ರಿಟನ್ ಸರ್ಕಾರ ಈ ಮಿತಿಗಳನ್ನು ಬದಲಿಸುವ ಪ್ರಸ್ತಾವವನ್ನು 2025ರಲ್ಲಿ ಮುಂದಿಟ್ಟಿದೆ, ಆದ್ದರಿಂದ ಕೆಲಸ ಶುರುವಾದ ದಿನದ ನಿಯಮ ತೆಗೆದು ನೋಡಿ.

2020ರ ಡಿಸೆಂಬರ್ 31ರ ನಂತರ ಬ್ರಿಟಿಷ್ ಮ್ಯಾನೇಜರ್‌ಗೆ ಯುರೋಪಿನಾದ್ಯಂತ ಮಾರುವ ಏಕ ಪರವಾನಗಿ ಇಲ್ಲ. ದೇಶ ದೇಶಕ್ಕೂ ಬೇರೆ ಅರ್ಜಿ. ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ಆಸ್ತಿಯ ಮೇಲೆ ಕಣ್ಣಿಡುವ ಡಿಪಾಸಿಟರಿ ವ್ಯವಸ್ಥೆಯನ್ನೂ ಕೇಳುತ್ತಾರೆ. ಇಟಲಿ ಈ ಬಾಗಿಲನ್ನೇ ತೆರೆದಿಲ್ಲ. ಹೂಡಿಕೆದಾರರೇ ಬಂದು ಕೇಳಿದರು, ನಾವು ಮಾರಲಿಲ್ಲ ಎಂಬ ವಾದವನ್ನು ಕಕ್ಷಿದಾರರು ಬಹಳ ಪ್ರೀತಿಯಿಂದ ಹೇಳುತ್ತಾರೆ. ಅವರ ಮಾರಾಟ ತಂಡದ ಮೊದಲ ಇಮೇಲ್ ದಿನಾಂಕ ಕೇಳಿ. ಹೆಚ್ಚಿನ ಸಲ ವಾದ ಅಲ್ಲಿಗೇ ನಿಲ್ಲುತ್ತದೆ.

ಅಮೆರಿಕದ ಹೂಡಿಕೆದಾರ ಒಬ್ಬರಿದ್ದರೂ ಅಲ್ಲಿನ ವಕೀಲರು ಬೇಕು. ಖಾಸಗಿ ಮಾರಾಟಕ್ಕೆ ವಿನಾಯಿತಿ ಕೊಡುವ ರೆಗ್ಯುಲೇಷನ್ ಡಿ ಅಡಿ ಮೊದಲ ಮಾರಾಟದ 15 ದಿನದೊಳಗೆ ಫಾರ್ಮ್ ಡಿ ಎಂಬ ಸೂಚನೆ ಸಲ್ಲಿಸಬೇಕು. ಅಲ್ಲಿನ ಪಿಂಚಣಿ ಹಣ ಯಾವುದೇ ವರ್ಗದ ಪಾಲಿನಲ್ಲಿ ಶೇ 25 ಮುಟ್ಟಿದರೆ ಎರಿಸಾ ಎಂಬ ಪಿಂಚಣಿ ಕಾಯ್ದೆಯ ಭಾರ ಫಂಡ್ ಮೇಲೆ ಬೀಳಬಹುದು. ಪ್ರತಿ ಕ್ಲೋಸಿಂಗ್‌ನಲ್ಲೂ ಆ ಲೆಕ್ಕ ಹೊಸದಾಗಿ ಹಾಕಿಸಿ.

5. ವಾಟರ್‌ಫಾಲ್: ಪೆನ್ನಿಗಿಂತ ಮೊದಲು ಲೆಕ್ಕದ ಹಾಳೆ

ಬಂದ ಹಣ ಯಾವ ಕ್ರಮದಲ್ಲಿ ಯಾರಿಗೆ ಇಳಿಯುತ್ತದೆ ಎಂಬುದೇ ವಾಟರ್‌ಫಾಲ್. ಯುರೋಪಿಯನ್ ಮಾದರಿಯಲ್ಲಿ ಇಡೀ ಫಂಡ್‌ನ ಅಸಲು, ಹರ್ಡಲ್ ಎಲ್ಲ ತೀರಿದ ಮೇಲೆ ಕ್ಯಾರಿ. ಅಮೆರಿಕನ್ ಮಾದರಿಯಲ್ಲಿ ಒಂದೊಂದು ಹೂಡಿಕೆ ಮಾರಿದಾಗಲೂ ಕ್ಯಾರಿ.

ಯುರೋಪಿಯನ್ ಮಾದರಿಯನ್ನು ಅಂಕಿಯಲ್ಲಿ ನೋಡಿ. ಹೂಡಿಕೆದಾರರು 10 ಕೋಟಿ ಪೌಂಡ್ ಹಾಕಿದರು, ಸರಿಯಾಗಿ 5 ವರ್ಷಕ್ಕೆ 20 ಕೋಟಿ ಬಂತು. ಹರ್ಡಲ್ ಶೇ 8, ಚಕ್ರಬಡ್ಡಿ.

ಮೊದಲ ಹಂತ, ಅಸಲು 10 ಕೋಟಿ. ಎರಡನೇ ಹಂತ, ಹರ್ಡಲ್ 4.693 ಕೋಟಿ. ಮೂರನೆಯದು ಕ್ಯಾಚ್-ಅಪ್: ಈವರೆಗಿನ ಲಾಭದಲ್ಲಿ ಕ್ಯಾರಿದಾರರು ಶೇ 20 ಮುಟ್ಟುವವರೆಗೆ ಪೂರ್ತಿ ಅವರಿಗೇ, ಅಂದರೆ 1.173 ಕೋಟಿ. ಉಳಿದ 4.134 ಕೋಟಿಯಲ್ಲಿ 80–20. ಕ್ಯಾರಿದಾರರಿಗೆ ಒಟ್ಟು 2 ಕೋಟಿ. 10 ಕೋಟಿ ಲಾಭದ ಸರಿಯಾಗಿ ಶೇ 20. ಕ್ಯಾಚ್-ಅಪ್ ಹಂತವೇ ಇಲ್ಲದಿದ್ದರೆ ಕ್ಯಾರಿ ಸುಮಾರು 1.061 ಕೋಟಿಗೆ ಇಳಿಯುತ್ತದೆ. ಒಂದು ಪ್ಯಾರಾದ ಬೆಲೆ ಸುಮಾರು 94 ಲಕ್ಷ ಪೌಂಡ್.

ಹೂಡಿಕೆದಾರರ ವಕೀಲರು ಕ್ಯಾಚ್-ಅಪ್ ಅನ್ನು ಪೂರ್ತಿಯ ಬದಲು ಶೇ 50ಕ್ಕೆ ಇಳಿಸಿ ಎಂದರೆ? ಮೇಲಿನ ಅಂಕಿಯಲ್ಲಿ ಕ್ಯಾರಿ ಆಗಲೂ 2 ಕೋಟಿಯೇ. ಸೇರುವುದು ನಿಧಾನ, ಅಷ್ಟೆ. ಹರ್ಡಲ್ ದಾಟಿ ಅಲ್ಲೇ ಸ್ವಲ್ಪ ಮೇಲೆ ಲಾಭ ನಿಂತಾಗ ಮಾತ್ರ ಮ್ಯಾನೇಜರ್‌ಗೆ ನಷ್ಟ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡು ವಾರ ಜಗಳವಾಡಿ, ಆ ಜಗಳ ಗೆಲ್ಲಲು ನಿಜವಾಗಿ ಬೆಲೆಯುಳ್ಳ ಬೇರೆ ಅಂಶವನ್ನು ಬಿಟ್ಟುಕೊಡುವವರಿದ್ದಾರೆ.

ತಪ್ಪುಗಳು ಸೇರಿಕೊಳ್ಳುವ ಜಾಗ ಇವು:

ಹರ್ಡಲ್ ಎಂದಿನಿಂದ ಓಡುತ್ತದೆ? ಫಂಡ್ ಮೊದಲು ಬ್ಯಾಂಕ್ ಸಾಲದಿಂದ ಕಂಪನಿ ಕೊಂಡು, ಆರು ತಿಂಗಳ ಮೇಲೆ ಹೂಡಿಕೆದಾರರಿಂದ ಹಣ ಕರೆಸಿದರೆ, ಆ ಆರು ತಿಂಗಳು ಹರ್ಡಲ್ ಓಡಿರುವುದಿಲ್ಲ. 10 ಕೋಟಿ ಪೌಂಡ್ 180 ದಿನ ಹೀಗೆ ನಿಂತರೆ ಶೇ 8ರಲ್ಲಿ ಸುಮಾರು 39.45 ಲಕ್ಷ ಪೌಂಡ್ ಹರ್ಡಲ್ ಮಾಯ. ಹೂಡಿಕೆದಾರರ ಸಂಘಟನೆ ಐಎಲ್‌ಪಿಎ, ಸಾಲ ಪಡೆದ ದಿನದಿಂದಲೇ ಲೆಕ್ಕ ಹಾಕಿ ಎನ್ನುತ್ತದೆ. ನೀವು ಯಾವುದನ್ನೇ ಬರೆಯಿರಿ, ದಿನಾಂಕವನ್ನು ಹೆಸರಿಸಿ ಬರೆಯಿರಿ.

ಅಸಲಿನಲ್ಲಿ ನಿರ್ವಹಣಾ ಶುಲ್ಕಕ್ಕೆಂದು ಕರೆಸಿದ ಹಣವೂ ಸೇರಿದೆಯೇ? ಸೇರದಿದ್ದರೆ ಹೂಡಿಕೆದಾರರು ಸುಮ್ಮನಿರುವುದಿಲ್ಲ.

ಕ್ಲಾಬ್ಯಾಕ್, ಅಂದರೆ ಹೆಚ್ಚು ಪಡೆದ ಕ್ಯಾರಿ ಹಿಂತಿರುಗಿಸುವ ಷರತ್ತು. ಅಮೆರಿಕನ್ ಮಾದರಿಯಲ್ಲಿ 2 ಕೋಟಿಗೆ ಕೊಂಡದ್ದು 6 ಕೋಟಿಗೆ ಹೋದರೆ ಕ್ಯಾರಿ 80 ಲಕ್ಷ. ಮುಂದಿನ 3 ಕೋಟಿ ಹೂಡಿಕೆ ಪೂರ್ತಿ ಮುಳುಗಿದರೆ ಒಟ್ಟು ಲಾಭ 1 ಕೋಟಿ ಮಾತ್ರ, ಸಲ್ಲಬೇಕಾದ ಕ್ಯಾರಿ ಹೆಚ್ಚೆಂದರೆ 20 ಲಕ್ಷ. 60 ಲಕ್ಷ ವಾಪಸ್ ಬರಬೇಕು. ಆದರೆ ಅದನ್ನು ಪಡೆದವರು ತೆರಿಗೆ ಕಟ್ಟಿಯಾಗಿದೆ, ಕೆಲವರು ಕೆಲಸ ಬಿಟ್ಟುಹೋಗಿದ್ದಾರೆ. ತೆರಿಗೆ ಕಳೆದ ಮೊತ್ತಕ್ಕೆ ಮಾತ್ರ ಹೊಣೆಯೇ, ಒಬ್ಬೊಬ್ಬರ ಪಾಲಿಗೆ ಮಾತ್ರವೇ, ಕ್ಯಾರಿಯ ಒಂದು ಭಾಗ ಎಸ್ಕ್ರೋ ಖಾತೆಯಲ್ಲಿ (ಮೂರನೆಯವರ ಬಳಿ ತಡೆಹಿಡಿದ ಖಾತೆಯಲ್ಲಿ) ನಿಲ್ಲಬೇಕೇ ಎಂಬ ಮೂರಕ್ಕೂ ಉತ್ತರ ಕರಾರಿನಲ್ಲಿರಬೇಕು. ಬ್ರಿಟನ್‌ನಲ್ಲಿ 2025ರ ಏಪ್ರಿಲ್ 6ರಿಂದ ಕ್ಯಾರಿಯ ಮೇಲಿನ ತೆರಿಗೆ ದರ ಶೇ 32ಕ್ಕೆ ಏರಿತು. ಮಾದರಿ ಕರಡಿನಲ್ಲಿ ಹಳೆಯ ದರ ಅಂಕಿಯಾಗಿ ನಮೂದಾಗಿದೆಯೇ ನೋಡಿ, ಇದ್ದರೆ ತೆಗೆಯಿರಿ.

ಅಂಕಿ ಉದಾಹರಣೆಯೊಂದನ್ನು ಎಲ್‌ಪಿಎಗೆ ಅನುಬಂಧವಾಗಿ ಸೇರಿಸಿ, ಉದಾಹರಣೆಗೂ ಷರತ್ತಿಗೂ ಭಿನ್ನತೆ ಬಂದರೆ ಯಾವುದು ನಿಲ್ಲುತ್ತದೆಂದು ಒಂದು ಸಾಲು ಬರೆಯಿರಿ. ಫಂಡ್‌ನ ಲೆಕ್ಕ ಇಡುವ ಅಡ್ಮಿನಿಸ್ಟ್ರೇಟರ್ ನಿಮ್ಮ ಷರತ್ತನ್ನು ಓದಿ ತಮ್ಮ ಸಾಫ್ಟ್‌ವೇರ್‌ನಲ್ಲಿ ಅದೇ ಉತ್ತರ ತರುತ್ತಾರೆಯೇ ಎಂದು ಸಹಿಗೆ ಮೊದಲು ಪರೀಕ್ಷಿಸಿ.

6. ಎಲ್‌ಪಿಎಯ ಉಳಿದ ಗಂಟುಗಳು

ಹಣ ಕಟ್ಟದ ಹೂಡಿಕೆದಾರ. ನೋಟಿಸ್ ಕೊಟ್ಟು ಐದರಿಂದ ಹತ್ತು ಕೆಲಸದ ದಿನದೊಳಗೆ ಕಟ್ಟದಿದ್ದರೆ ಬಡ್ಡಿ, ಆಮೇಲೆ ಅವರ ಪಾಲಿನ ಅರ್ಧ ಮುಟ್ಟುಗೋಲು ಎಂಬುದು ಸಾಮಾನ್ಯ ಷರತ್ತು. ಇಂಗ್ಲಿಷ್ ಕಾನೂನಿನಲ್ಲಿ ದಂಡರೂಪದ ಷರತ್ತು ನಿಲ್ಲದು. 2015ರ ಮಕ್‌ಡೆಸ್ಸಿ ತೀರ್ಪಿನ ಬಳಿಕ ನೋಡುವುದು, ಷರತ್ತಿನ ಹಿಂದೆ ನ್ಯಾಯಯುತ ಹಿತಾಸಕ್ತಿ ಇದೆಯೇ, ಅದಕ್ಕೆ ಹೋಲಿಸಿದರೆ ಶಿಕ್ಷೆ ತೀರಾ ಅತಿಯೇ ಎಂಬುದನ್ನು. ಒಬ್ಬರು ಕಟ್ಟದಿದ್ದರೆ ಖರೀದಿಯೇ ಮುರಿದು ಉಳಿದವರಿಗೆ ನಷ್ಟವಾಗುತ್ತದೆ ಎಂಬ ಕಾರಣವನ್ನು ಷರತ್ತಿನ ಆರಂಭದಲ್ಲೇ ಬರೆದಿಡಿ.

ಕೀ ಪರ್ಸನ್. ಹೆಸರಿಸಿದ ಇಬ್ಬರು ಮೂವರು ಫಂಡ್‌ಗೆ ಸಮಯ ಕೊಡುವುದು ನಿಂತರೆ ಹೊಸ ಹೂಡಿಕೆ ತಾನಾಗಿ ಸ್ಥಗಿತ. "ಗಣನೀಯ ಸಮಯ" ಎಂಬ ಪದ ಇಬ್ಬರಿಗೂ ಹಿತ, ಜಗಳವಾದಾಗ ಯಾರಿಗೂ ಅಲ್ಲ. ಯಾವ ಯಾವ ಫಂಡ್‌ಗಳ ಕೆಲಸ ಆ ಸಮಯದಲ್ಲಿ ಸೇರುತ್ತದೆಂದು ಪಟ್ಟಿ ಕೊಡಿ.

ಮ್ಯಾನೇಜರ್‌ನನ್ನು ತೆಗೆಯುವುದು. ತಪ್ಪಿಗಾಗಿ ತೆಗೆಯಲು ಸರಳ ಬಹುಮತ, ಕಾರಣವಿಲ್ಲದೆ ತೆಗೆಯಲು ಶೇ 75 ಅಥವಾ ಹೆಚ್ಚು. ಚೌಕಾಸಿ ಮತದ ಬಗ್ಗೆ ಅಲ್ಲ; ತಪ್ಪು ಸಾಬೀತಾಗಲು ಮೇಲ್ಮನವಿಗೆ ಅವಕಾಶವಿಲ್ಲದ ಅಂತಿಮ ತೀರ್ಪು ಬೇಕೇ ಎಂಬುದರ ಬಗ್ಗೆ. ಅದು ಬೇಕೆಂದರೆ ತೀರ್ಪು ಬರುವಷ್ಟರಲ್ಲಿ ಫಂಡ್ ಆಯುಷ್ಯವೇ ಮುಗಿದಿರಬಹುದು, ಆದ್ದರಿಂದ ಹೂಡಿಕೆದಾರರು ಒಪ್ಪುವುದಿಲ್ಲ.

ಸಾಲ. ಕರೆಸದೆ ಉಳಿದ ಕಮಿಟ್‌ಮೆಂಟ್‌ಗಳನ್ನೇ ಭದ್ರತೆಯಾಗಿ ಇಟ್ಟು ಪಡೆಯುವ ಅಲ್ಪಾವಧಿ ಸಾಲಕ್ಕೆ ಎಲ್‌ಪಿಎಯಲ್ಲಿ ಅನುಮತಿ ಬೇಕು. ಮೊತ್ತ ಮತ್ತು ಅವಧಿಯ ಮಿತಿ ಜೊತೆಗಿರಲಿ. ಐಎಲ್‌ಪಿಎ 2017ರಲ್ಲಿ ಉದಾಹರಣೆಯಾಗಿ ಹೇಳಿದ್ದು ಕರೆಸದ ಕಮಿಟ್‌ಮೆಂಟ್‌ನ ಶೇ 15ರಿಂದ 25, 180 ದಿನ. ಬ್ಯಾಂಕಿನ ವಕೀಲರನ್ನು ಎಲ್‌ಪಿಎ ಮುಗಿದ ಮೇಲೆ ಕರೆತಂದರೆ, ಹೂಡಿಕೆದಾರರು ಯಾವ ಕಡಿತವೂ ಇಲ್ಲದೆ ಹಣ ಕಟ್ಟಬೇಕೆಂಬ ಸಾಲು ಎಲ್ಲಿ ಎಂದು ಕೇಳುತ್ತಾರೆ. ತಿದ್ದಲು ಮತ್ತೆ 40 ಒಪ್ಪಿಗೆ.

7. ಸೈಡ್ ಲೆಟರ್

ಒಬ್ಬ ಹೂಡಿಕೆದಾರನಿಗೆ ಮಾತ್ರ ಎಲ್‌ಪಿಎಯನ್ನು ಬದಲಿಸಿಕೊಡುವ ಪತ್ರ ಇದು. ಟಿಪ್ಪಣಿಗಳು ಬರತೊಡಗಿದ ದಿನವೇ ಒಂದು ಕೋಷ್ಟಕ ತೆರೆಯಿರಿ: ಅಡ್ಡಸಾಲಿಗೆ ಒಂದು ಬೇಡಿಕೆ, ಪ್ರತಿ ಕಂಬಕ್ಕೆ ಒಬ್ಬ ಹೂಡಿಕೆದಾರ. ಒಂದೇ ಬೇಡಿಕೆ ಐದಾರು ಕಂಬದಲ್ಲಿ ಕಂಡರೆ ಅದನ್ನು ಎಲ್‌ಪಿಎಗೇ ಸೇರಿಸಿ. ಐದಾರು ಪತ್ರದಲ್ಲಿ ಐದಾರು ಬಗೆಯ ವಾಕ್ಯ ಬರೆಯುವುದಕ್ಕಿಂತ ಅದು ವಾಸಿ.

ಕೆಲವು ಬೇಡಿಕೆಗಳ ಹಿಂದೆ ಕಾನೂನಿನ ಒತ್ತಡ ಇರುತ್ತದೆ, ಚೌಕಾಸಿ ವ್ಯರ್ಥ. ಬ್ರಿಟನ್‌ನ ಸ್ಥಳೀಯ ಸರ್ಕಾರಿ ಪಿಂಚಣಿ ನಿಧಿಗಳು ಮಾಹಿತಿ ಸ್ವಾತಂತ್ರ್ಯ ಕಾಯ್ದೆ 2000ಕ್ಕೆ ಒಳಪಟ್ಟಿವೆ. ಅವರು ಗೋಪ್ಯತೆಗೆ ಪೂರ್ತಿ ಒಪ್ಪಲಾರರು. ಫಂಡ್ ಮಟ್ಟದ ಅಂಕಿ ಬಹಿರಂಗಪಡಿಸಬಹುದು, ಕಂಪನಿ ಮಟ್ಟದ ಮಾಹಿತಿ ಬೇಡ ಎಂಬಲ್ಲಿ ರಾಜಿಯಾಗುತ್ತದೆ. ಸರ್ಕಾರಿ ಹೂಡಿಕೆ ಸಂಸ್ಥೆಗಳು ಸಾರ್ವಭೌಮ ರಕ್ಷಣೆ (ತಮ್ಮ ಮೇಲೆ ಬೇರೆ ದೇಶದ ಕೋರ್ಟಿನಲ್ಲಿ ದಾವೆ ನಡೆಯದೆಂಬ ರಕ್ಷಣೆ) ಉಳಿಸಿಕೊಳ್ಳುತ್ತೇವೆ ಎಂದರೆ ಬ್ಯಾಂಕಿಗೆ ತಿಳಿಸಿ, ಏಕೆಂದರೆ ಆ ಹೂಡಿಕೆದಾರರ ಕಮಿಟ್‌ಮೆಂಟನ್ನು ಭದ್ರತೆಯ ಲೆಕ್ಕದಿಂದ ಬ್ಯಾಂಕ್ ಬಿಟ್ಟುಬಿಡಬಹುದು.

ನೋಡಲು ಸಾಧು, ಕಚ್ಚುವುದು ಜೋರು ಎನ್ನುವಂಥದ್ದು ಎಕ್ಸ್‌ಕ್ಯೂಸ್ ಹಕ್ಕು. ತಂಬಾಕು, ಶಸ್ತ್ರಾಸ್ತ್ರದಂಥ ಹೂಡಿಕೆಯಿಂದ ಹೊರಗುಳಿಯುವ ಹಕ್ಕು ಅದು. 10 ಕೋಟಿ ಪೌಂಡ್ ಫಂಡ್‌ನಲ್ಲಿ 2 ಕೋಟಿ ಹಾಕಿದವರು 1 ಕೋಟಿಯ ಖರೀದಿಯಿಂದ ಹೊರಗುಳಿದರು ಎನ್ನಿ. ಉಳಿದವರು ತಮ್ಮ ಕಮಿಟ್‌ಮೆಂಟ್‌ನ ಶೇ 10ರ ಬದಲು ಶೇ 12.5 ಕಟ್ಟಬೇಕು. ಅವರ ಬಾಕಿ ಕಮಿಟ್‌ಮೆಂಟ್ ಅಷ್ಟು ಉಳಿದಿದೆಯೇ? ಏಕ ಕಂಪನಿ ಮಿತಿಯನ್ನು ಇಡೀ ಫಂಡ್ ಮೇಲೆ ಅಳೆಯುತ್ತೀರೋ, ಭಾಗವಹಿಸುವವರ ಮೇಲೋ? ಹೊರಗುಳಿದವರ ಕ್ಯಾರಿ ಲೆಕ್ಕ ಬೇರೆಯಾಗಿ ಇಡಲು ಎಲ್‌ಪಿಎಯಲ್ಲಿ ದಾರಿ ಇದೆಯೇ? ಸೈಡ್ ಲೆಟರ್‌ನ ಮೂರು ಸಾಲು ಎಲ್‌ಪಿಎಯ ನಾಲ್ಕು ಷರತ್ತುಗಳನ್ನು ಅಲುಗಿಸಿತು.

ಒಬ್ಬರಿಗೆ ವಿಶೇಷ ಸೌಲಭ್ಯ ಕೊಟ್ಟರೆ, ಪೂರ್ಣ ಪ್ರಮಾಣದ ಮ್ಯಾನೇಜರ್, ಅಂದರೆ ನಾಲ್ಕನೇ ಹಂತದ ಮಿತಿ ದಾಟಿದವರು, ಅದರ ವಿವರವನ್ನು ಹೂಡಿಕೆಗೆ ಮೊದಲೇ ಇತರರಿಗೆ ತಿಳಿಸಬೇಕೆಂದು ಬ್ರಿಟನ್‌ನ ಹಣಕಾಸು ನಿಯಂತ್ರಕ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ನಿಯಮವೂ ಇದೆ. ಸೈಡ್ ಲೆಟರ್ ಗುಟ್ಟಿನ ಕಾಗದ ಎಂದು ಕಕ್ಷಿದಾರರು ಭಾವಿಸಿದ್ದರೆ ಇಲ್ಲೇ ತಿದ್ದಿ.

8. ಮೊದಲ ಕ್ಲೋಸಿಂಗ್

ಹೂಡಿಕೆದಾರರು ಎಲ್‌ಪಿಎಗೆ ನೇರವಾಗಿ ಸಹಿ ಹಾಕುವುದು ಕಡಿಮೆ. ಸಬ್‌ಸ್ಕ್ರಿಪ್ಷನ್ ಕರಾರಿನಲ್ಲಿ ಜನರಲ್ ಪಾರ್ಟ್‌ನರ್‌ಗೆ ಮುಖ್ತಾರು ಕೊಡುತ್ತಾರೆ, ಅದರ ಬಲದ ಮೇಲೆ ಅವರ ಪರವಾಗಿ ಸಹಿಯಾಗುತ್ತದೆ. 1971ರ ಪವರ್ಸ್ ಆಫ್ ಅಟಾರ್ನಿ ಕಾಯ್ದೆಯಂತೆ ಮುಖ್ತಾರು ಡೀಡ್ ರೂಪದಲ್ಲೇ, ಅಂದರೆ ವಿಧಿವತ್ತಾಗಿ ಸಹಿಯಾಗುವ ದಸ್ತಾವೇಜಿನ ರೂಪದಲ್ಲೇ ಇರಬೇಕು. ಹಾಗಾಗಿ ಸಬ್‌ಸ್ಕ್ರಿಪ್ಷನ್ ಕರಾರೂ ಡೀಡ್ ಆಗಿ ಸಹಿಯಾಗಬೇಕು. ವ್ಯಕ್ತಿಯಾದರೆ ಸಾಕ್ಷಿ ಬೇಕು. ಸಾಕ್ಷಿಯ ಜಾಗ ಖಾಲಿ ಬಿಟ್ಟ ಪ್ರತಿ ಕ್ಲೋಸಿಂಗ್ ರಾತ್ರಿ ಬಂದೇ ಬರುತ್ತದೆ.

ಹಳೆಯ ಕರಡಿಗೆ ಹಾಕಿದ ಸಹಿ ಪುಟವನ್ನು ಕಿತ್ತು ಹೊಸ ಕರಡಿಗೆ ಅಂಟಿಸಬೇಡಿ. 2008ರ ಮರ್ಕ್ಯುರಿ ಟ್ಯಾಕ್ಸ್ ಪ್ರಕರಣದಲ್ಲಿ ಹೈಕೋರ್ಟ್ ಇದನ್ನೇ ತಪ್ಪೆಂದಿತು. ಅಂತಿಮ ಪಠ್ಯದ ಪೂರ್ತಿ ಕಡತ ಮತ್ತು ಸಹಿ ಪುಟ ಒಂದೇ ಇಮೇಲ್‌ನಲ್ಲಿ ವಾಪಸ್ ಬರಲಿ.

ಹಣದ ಮೂಲ ತಪಾಸಣೆ ಕ್ಲೋಸಿಂಗ್‌ಗೆ ನಾಲ್ಕು ವಾರ ಮೊದಲೇ ಶುರುವಾಗಲಿ. ಬ್ರಿಟನ್‌ನ 2017ರ ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳಂತೆ ಶೇ 25ಕ್ಕಿಂತ ಹೆಚ್ಚು ಒಡೆತನದ ನಿಜವಾದ ಮಾಲೀಕರನ್ನು ಗುರುತಿಸಬೇಕು. ಟ್ರಸ್ಟ್ ಮೂಲಕ ಬರುವ ಕುಟುಂಬದ ಹಣವೇ ಎಲ್ಲಕ್ಕಿಂತ ತಡ.

ಮೊದಲ ಡ್ರಾಡೌನ್ ನೋಟಿಸ್‌ಗೆ ರೂಢಿಯ ಗಡುವು 10 ಕೆಲಸದ ದಿನ. ಬ್ಯಾಂಕ್ ಖಾತೆ ಸಂಖ್ಯೆ ಬದಲಾಗಿದೆ ಎಂಬ ಇಮೇಲ್ ಬಂದರೆ, ಮೊದಲೇ ಗೊತ್ತಿರುವ ಫೋನ್ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳುವಂತೆ ಹೂಡಿಕೆದಾರರಿಗೆ ನೋಟಿಸ್‌ನಲ್ಲೇ ತಿಳಿಸಿ.

9. ನಂತರದ ಕ್ಲೋಸಿಂಗ್, ಸಮೀಕರಣ

ತಡವಾಗಿ ಬಂದವರು ಮೊದಲ ದಿನವೇ ಬಂದಿದ್ದರೆ ಹೇಗಿರುತ್ತಿತ್ತೋ ಹಾಗೆ ಎಲ್ಲವನ್ನೂ ಸರಿದೂಗಿಸಬೇಕು. ಮೊದಲಿನವರ ಕಮಿಟ್‌ಮೆಂಟ್ 6 ಕೋಟಿ, ಹೂಡಿಕೆಗೆಂದು 1.2 ಕೋಟಿ ಕರೆಸಿಯಾಗಿದೆ. ಆರು ತಿಂಗಳ ಮೇಲೆ ಹೊಸಬರು 4 ಕೋಟಿಯೊಂದಿಗೆ ಬಂದರು. ಒಟ್ಟು 10 ಕೋಟಿಯಲ್ಲಿ ಎಲ್ಲರೂ ಶೇ 12 ಕಟ್ಟಿರಬೇಕು. ಹೊಸಬರು 48 ಲಕ್ಷ ಕೊಡುತ್ತಾರೆ, ಅದು ಹಳಬರಿಗೆ ಹೋಗುತ್ತದೆ. ಶೇ 8ರ ಬಡ್ಡಿ ಅರ್ಧ ವರ್ಷಕ್ಕೆ 1.92 ಲಕ್ಷ, ಅದೂ ಹಳಬರಿಗೆ. ಶೇ 2ರ ನಿರ್ವಹಣಾ ಶುಲ್ಕದ ಹಿಂಬಾಕಿ 4 ಲಕ್ಷ ಮಾತ್ರ ಮ್ಯಾನೇಜರ್‌ಗೆ.

ಮೂರು ವಾಕ್ಯ ಮರೆಯಬೇಡಿ. ಹಳಬರಿಗೆ ವಾಪಸ್ ಬಂದ 48 ಲಕ್ಷವನ್ನು ಮತ್ತೆ ಕರೆಸಬಹುದು. ಬಡ್ಡಿಯನ್ನು ಮತ್ತೆ ಕರೆಸಲಾಗದು. ಹೊಸಬರು ಕಟ್ಟಿದ ಬಡ್ಡಿ ಅವರ ಕಮಿಟ್‌ಮೆಂಟ್‌ನಿಂದ ಕಳೆಯುವುದಿಲ್ಲ, ಅದರ ಮೇಲೆ ಹರ್ಡಲ್ ಓಡುವುದೂ ಇಲ್ಲ. ಮೂರನೆಯದು ಬಿಟ್ಟುಹೋದರೆ ಹೊಸಬರು ಬಡ್ಡಿಯ ಮೇಲೆ ಬಡ್ಡಿ ಪಡೆಯುತ್ತಾರೆ. ಈ ನಡುವೆ ಯಾವುದೋ ಹೂಡಿಕೆಯ ಬೆಲೆ ಎದ್ದು ಕಾಣುವಷ್ಟು ಏರಿದ್ದರೆ ಹಳೆಯ ಬೆಲೆಗೆ ಹೊಸಬರನ್ನು ಸೇರಿಸುವುದು ಅನ್ಯಾಯ. ಸಲಹಾ ಸಮಿತಿಯ ಒಪ್ಪಿಗೆಯೊಂದಿಗೆ ಬೆಲೆ ಪರಿಷ್ಕರಿಸುವ ಅಧಿಕಾರ ಜನರಲ್ ಪಾರ್ಟ್‌ನರ್‌ಗೆ ಇರಲಿ.

10. ಎಂಎಫ್‌ಎನ್ ಸುತ್ತು

ಬೇರೆಯವರಿಗೆ ಕೊಟ್ಟದ್ದನ್ನು ನಮಗೂ ಕೊಡಿ ಎಂದು ಕೇಳುವ ಹಕ್ಕಿಗೆ ಮೋಸ್ಟ್ ಫೇವರ್ಡ್ ನೇಷನ್, ಚಿಕ್ಕದಾಗಿ ಎಂಎಫ್‌ಎನ್ ಎನ್ನುತ್ತಾರೆ. ಕೊನೆಯ ಕ್ಲೋಸಿಂಗ್ ಮುಗಿದ ಮೇಲೆ ಎಲ್ಲ ಸೈಡ್ ಲೆಟರ್‌ಗಳ ಷರತ್ತುಗಳನ್ನು ಹೆಸರು ತೆಗೆದು ಒಂದು ಸಂಕಲನ ಮಾಡಿ, ಹಕ್ಕುಳ್ಳವರಿಗೆ ಕಳಿಸಿ, 20ರಿಂದ 30 ಕೆಲಸದ ದಿನ ಆಯ್ಕೆಗೆ ಬಿಡುತ್ತಾರೆ.

ಇಲ್ಲಿ ಬೀಳುವ ಪೆಟ್ಟಿಗೆ ಕಾರಣ ಏಳನೇ ಹಂತದಲ್ಲೇ ಇರುತ್ತದೆ. ದೊಡ್ಡ ಹೂಡಿಕೆದಾರರಿಗೆ ಕೊಟ್ಟ ಶುಲ್ಕ ರಿಯಾಯಿತಿ ಸೈಡ್ ಲೆಟರ್‌ನಲ್ಲಿದ್ದರೆ ಎಲ್ಲರೂ ಕೇಳುತ್ತಾರೆ. ಎಲ್‌ಪಿಎಯಲ್ಲೇ ಕಮಿಟ್‌ಮೆಂಟ್ ಗಾತ್ರಕ್ಕೆ ತಕ್ಕ ದರವಾಗಿ ಬರೆದಿದ್ದರೆ ಆ ಪ್ರಶ್ನೆಯೇ ಏಳದು. ತನ್ನಷ್ಟೇ ಅಥವಾ ತನಗಿಂತ ಕಡಿಮೆ ಕಮಿಟ್‌ಮೆಂಟ್ ಇರುವವರ ಷರತ್ತುಗಳನ್ನು ಮಾತ್ರ ಆರಿಸಬಹುದು ಎಂಬ ಗಾತ್ರದ ಮೆಟ್ಟಿಲು ಎಂಎಫ್‌ಎನ್ ವಾಕ್ಯದಲ್ಲಿರಲಿ. ಸಲಹಾ ಸಮಿತಿಯ ಸ್ಥಾನ, ಒಬ್ಬರಿಗೆ ಮಾತ್ರ ಅನ್ವಯಿಸುವ ಕಾನೂನು ಅಥವಾ ತೆರಿಗೆ ಕಾರಣದ ಷರತ್ತುಗಳು ಆಯ್ಕೆಯ ಹೊರಗೆ. ಸೌಲಭ್ಯವೊಂದಕ್ಕೆ ಅಂಟಿಕೊಂಡ ಹೊರೆ ಇದ್ದರೆ ಎರಡನ್ನೂ ಒಟ್ಟಿಗೇ ಆರಿಸಬೇಕು. ಗಡುವಿನೊಳಗೆ ಉತ್ತರ ಬರದಿದ್ದರೆ ಏನನ್ನೂ ಆರಿಸಲಿಲ್ಲ ಎಂದು ಅರ್ಥ.

ಆಯ್ಕೆಗಳು ಬಂದ ಮೇಲೆ ಏಳನೇ ಹಂತದ ಕೋಷ್ಟಕವನ್ನು ಮತ್ತೆ ತೆರೆದು, ಈಗ ಯಾರಿಗೆ ಯಾವ ಹಕ್ಕಿದೆ ಎಂದು ಪೂರ್ತಿ ತುಂಬಿ. ಎಕ್ಸ್‌ಕ್ಯೂಸ್ ಹಕ್ಕನ್ನು ಹೊಸದಾಗಿ ಆರಿಸಿದವರು ಎಷ್ಟು ಮಂದಿ ಎಂದು ಎಣಿಸಿ, ಬ್ಯಾಂಕಿನ ಭದ್ರತೆ ಲೆಕ್ಕ ಇನ್ನೂ ನಿಲ್ಲುತ್ತದೆಯೇ ನೋಡಿ. ವರದಿ ಕೊಡುವ ಗಡುವುಗಳು, ಮುನ್ಸೂಚನೆಯ ದಿನಗಳು, ಹೂಡಿಕೆ ನಿಷೇಧಗಳು ಇಷ್ಟನ್ನು ಬೇರೆ ಹಾಳೆಗೆ ಇಳಿಸಿ ಅಡ್ಮಿನಿಸ್ಟ್ರೇಟರ್‌ಗೂ ಮ್ಯಾನೇಜರ್‌ನ ನಿಯಮಪಾಲನಾ ಅಧಿಕಾರಿಗೂ ಕೊಡಿ. 40 ಸೈಡ್ ಲೆಟರ್‌ಗಳನ್ನು ಅವರು ಮತ್ತೊಮ್ಮೆ ಓದುವುದಿಲ್ಲ. ಆ ಹಾಳೆಯನ್ನು ಪ್ರತಿ ಖರೀದಿಗೆ ಮೊದಲು ನೋಡುತ್ತಾರೆ.